ಚಪ್ಪಲಿಯ ಮೇಲೆ ಮರಳು

ತುಮಕೂರಿನಿಂದ ಕುಂದಾಪುರಕ್ಕೆ ವರ್ಗವಾಯಿತು ಅಂದಾಗ ನನಗಿಂತ ಜಾಸ್ತಿ ಖುಷಿಪಟ್ಟವನು ಅಕ್ಕನ ಮಗ. "ಮಾಮ, ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್, ಆಮೇಲೆ ಡಾಲ್ಫಿನ್! ಏನ್ ಲಕ್ಕು ನಿಮ್ದು!" ಮಾಮನಿಗೆ ಈಜು ಬರುವುದಿಲ್ಲ ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಕೋಡಿಯ ಕಡಲತೀರದಲ್ಲಿ ಚಪ್ಪಲಿ ಬಿಚ್ಚಿಟ್ಟು ಕೂರುವಲ್ಲಿಗೆ ನನ್ನ ಸಾಹಸ ಮುಗಿಯುತ್ತದೆ.

ಆ ಚಪ್ಪಲಿಗೂ ಒಬ್ಬ ಶತ್ರು ಹುಟ್ಟಿಕೊಂಡ. ಒಂದು ಸಂಜೆ ಏಳುವಾಗ ನೋಡಿದರೆ ಎಡಗಾಲಿನದು ಅರ್ಧ ಹೂತುಹೋಗಿತ್ತು. ಪಕ್ಕದಲ್ಲೇ ಬಿಲ. ಮರಳಿನ ಬಣ್ಣದ ಏಡಿಯೊಂದು ಹಸಿ ಮರಳನ್ನು ಕಂಕುಳಲ್ಲಿ ಅವುಚಿಕೊಂಡು ಮೇಲೆ ಬಂತು, ಚಪ್ಪಲಿಯ ಮೇಲೆ ಎಸೆಯಿತು. ಕಡ್ಡಿಗೆ ಸಿಕ್ಕಿಸಿದಂಥ ಎರಡು ಕಣ್ಣು ನೆಟ್ಟಗೆ ಮಾಡಿ ನನ್ನನ್ನು ನೋಡಿತು. ಸಂಬಳವಿಲ್ಲದ ಕೂಲಿಯ ಮುಖಭಾವ. ಮತ್ತೆ ಒಳಗೆ.

ಇಂಗ್ಲಿಷಿನವರು ಇದನ್ನು ಘೋಸ್ಟ್ ಕ್ರ್ಯಾಬ್ ಅನ್ನುತ್ತಾರೆ. ಈ ಕರಾವಳಿಯಲ್ಲಿ ಕೂತು ಭೂತದ ಏಡಿ ಎಂದು ಅನುವಾದಿಸುವ ಧೈರ್ಯ ನನಗಿಲ್ಲ. ಇಲ್ಲಿ ಭೂತಗಳ ಮರ್ಯಾದೆಯೇ ಬೇರೆ. ಈ ಏಡಿ ಉಸಿರಾಡುವುದು ಕಿವಿರಿನಿಂದ, ಹಾಗಾಗಿ ಆಗಾಗ ನೀರಿನಂಚಿಗೆ ಓಡಿ ಅದನ್ನು ಒದ್ದೆ ಮಾಡಿಕೊಂಡು ಬರಬೇಕು. ಆದರೆ ಹೆಚ್ಚು ಹೊತ್ತು ಮುಳುಗಿದರೆ ಉಳಿಯುವುದಿಲ್ಲ. ಕಡಲೂ ಬೇಕು, ಕಡಲಿಗೆ ಇಳಿಯಲೂ ಆಗದು. ಥೇಟ್ ನನ್ನ ಹಾಗೆಯೇ ಅಲ್ವಾ? ಅವತ್ತಿನಿಂದ ಸ್ನೇಹವಾಯಿತು. ನನ್ನ ಕಡೆಯಿಂದ ಮಾತ್ರ.

ಜನವರಿಯಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ ಎಂದು ಕೇಳಿ ನಾಲ್ಕು ರಾತ್ರಿ ಕಾದೆ. ಸೊಳ್ಳೆ ಬಿಟ್ಟು ಯಾವ ಪ್ರಾಣಿಯೂ ಬರಲಿಲ್ಲ. ಐದನೇ ಬೆಳಿಗ್ಗೆ ಮೀನು ಮಾರುವ ಅಕ್ಕ ಬಾಗಿಲಲ್ಲೇ ನಕ್ಕರು. "ಎಂತ ಮಾರಾಯ್ರೆ, ಅಷ್ಟು ದೊಡ್ಡ ಬ್ಯಾಟರಿ ಬಿಟ್ರೆ ಅದು ಬರ್ತದಾ? ನೀವು ಮನೆಗೆ ಹೋದ್ಮೇಲೆ ಬಂದು ಹೋಯ್ತು."

ಓಡಿದೆ. ಮರಳಿನ ಮೇಲೆ ಟ್ರ್ಯಾಕ್ಟರ್ ಹೋದಂಥ ಗುರುತು: ನೀರಿನಿಂದ ಮೇಲಕ್ಕೊಂದು, ವಾಪಸ್ಸು ಒಂದು. ಅರಣ್ಯ ಇಲಾಖೆಯವರು ಬಂದು ಗೂಡಿನ ಸುತ್ತ ಬಲೆ ಕಟ್ಟಿದರು. ಆಲಿವ್ ರಿಡ್ಲೆ ಎಂಬ ಈ ಜಾತಿಯ ಕಡಲಾಮೆ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆಯಿಟ್ಟು ಹೋದರೆ ಮತ್ತೆ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮರಳೇ. ಮರಳು ಜಾಸ್ತಿ ಬಿಸಿಯಾದರೆ ಹೆಣ್ಣು ಮರಿ, ತಂಪಾಗಿದ್ದರೆ ಗಂಡು.

ಸುಮಾರು ಐವತ್ತು ದಿನ ಕಳೆದ ಮೇಲೆ ಕರೆ ಬಂತು. ಈ ಸಲ ಬ್ಯಾಟರಿ ಒಯ್ಯಲಿಲ್ಲ, ಮೊಬೈಲನ್ನೂ ಆರಿಸಿ ಜೇಬಿಗೆ ಹಾಕಿದೆ. ಮರಿಗಳು ಬೆಳಕು ಕಂಡ ಕಡೆಗೇ ಹೋಗುತ್ತವಂತೆ. ಕತ್ತಲಲ್ಲಿ ಅವುಗಳಿಗೆ ಕಡಲ ಮೇಲಿನ ಮಂದ ಹೊಳಪೇ ದಾರಿ. ಬೀದಿದೀಪ ಕಂಡರೆ ರಸ್ತೆಗೇ ಹೊರಟುಬಿಡುತ್ತವೆ. ಬೆಂಕಿಪೊಟ್ಟಣದಷ್ಟು ಗಾತ್ರದ ಕಪ್ಪು ಮರಿಗಳು, ಹುಟ್ಟಿ ಇನ್ನೂ ಮೈ ಒಣಗಿಲ್ಲ, ಕೈಕಾಲು ಬಡಿಯುತ್ತ ನಡೆದವು. ನಾವು ದೊಡ್ಡವರೆಲ್ಲ ಬೆರಳು ಬಾಯಿಗಿಟ್ಟುಕೊಂಡು ನಿಂತಿದ್ದೆವು. ಅಲೆ ಬಂದು ನಾಲ್ಕನ್ನು ಎತ್ತಿಕೊಂಡಿತು. ಮತ್ತೆ ಆರನ್ನು.

ಒಂದು ಮರಿ ಮಾತ್ರ ಗುಂಪು ಬಿಟ್ಟು ಪಕ್ಕಕ್ಕೆ ಸರಿಯಿತು. ನನಗೆ ಪರಿಚಯದ ಜಾಗ ಅದು. ನಾನು "ಅಯ್ಯೋ" ಅನ್ನುವಷ್ಟರಲ್ಲಿ ನನ್ನ ಸ್ನೇಹಿತ ಅಡ್ಡಡ್ಡ ಓಡಿ ಬಂದು ಅದರ ಕಾಲು ಹಿಡಿದ. ಯಾರೋ ಓಡಿದರು. ಅಷ್ಟರಲ್ಲಿ ಎರಡೂ ಬಿಲದೊಳಗೆ.

ಮಾರನೇ ಸಂಜೆ ಆ ಬಿಲ ಮುಚ್ಚಿಬಿಡಬೇಕು ಎಂದೇ ಹೋದೆ. ಅದು ಎಂದಿನಂತೆ ಮರಳು ಅವುಚಿಕೊಂಡು ಬಂತು, ಎಸೆಯಿತು, ಕಣ್ಣು ನೆಟ್ಟಗೆ ಮಾಡಿತು. ಮಾತು ಬಿಟ್ಟ ನೆಂಟರು ಮದುವೆಮನೆಯಲ್ಲಿ ಎದುರಾದ ಹಾಗೆ ನಾನು ಬೇರೆ ಕಡೆ ನೋಡಿದೆ. ಚಪ್ಪಲಿಯನ್ನು ಒಂದು ಗೇಣು ಈಚೆ ಎಳೆದುಕೊಂಡು ಕೂತೆ.