ನಿಮ್ಮ ಕ್ಲೀನಪ್‌ಗೊಂದು ದೊಡ್ಡ ನಮಸ್ಕಾರ

"ಕೋಡ್ ಕ್ಲೀನಪ್" ಅಂದ್ರೆ ಸಾಕು, ಈಗ ಮೈ ಉರಿಯುತ್ತೆ.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಆಫೀಸು. ತೂಕದ ಯಂತ್ರದಿಂದ ಅಂಕಿ ಓದಿ ಕೊಡುವ ಸಿ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಕರೆದು ಬಳಸೋ ಸಿ ಭಾಷೆಯ ಕೋಡ್) ನಮ್ಮದು. ಮಂಡ್ಯ ಕಡೆ ಕಬ್ಬು ತೂಗುವ ವೇ ಬ್ರಿಡ್ಜ್‌ಗಳಲ್ಲಿ ಅದನ್ನ ನಂಬಿಕೊಂಡು ಬೇರೆಯವರು ಬರೆದ ಹಳೇ ಪ್ರೋಗ್ರಾಂ ಓಡುತ್ತೆ. ಬರೆದವರು ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ. ಆ ಪ್ರೋಗ್ರಾಂನ ಸೋರ್ಸ್ ಕೋಡ್ ಯಾರ ಹತ್ರಾನೂ ಇಲ್ಲ.

ಮೊನ್ನೆ ನಮ್ಮ ಟೀಮಿನ ಮಹಾನುಭಾವರೊಬ್ಬರು ಲೈಬ್ರರಿಯ ಹೆಡರ್ ಫೈಲ್ (ಡೇಟಾ ಹೇಗೆ ಜೋಡಿಸಿದೆ ಅಂತ ಹೇಳೋ ಫೈಲ್) "ನೀಟ್" ಮಾಡಿದರು. ಅದರ ಸ್ಟ್ರಕ್ಟ್‌ನಲ್ಲಿ, ಅಂದ್ರೆ ಒಟ್ಟಿಗೆ ಇಡೋ ಅಂಕಿಗಳ ಕಟ್ಟಿನಲ್ಲಿ, ಚೀಟಿ ನಂಬರ್, ಒಟ್ಟು ತೂಕ, ಖಾಲಿ ಗಾಡಿ ತೂಕ ಅಂತ ಸಾಲಾಗಿ ಇತ್ತು. ಹೊಸದೇನಾದ್ರೂ ಬೇಕಿದ್ರೆ ಬೇರೆ ಸ್ಟ್ರಕ್ಟ್, ಬೇರೆ ಫಂಕ್ಷನ್ ಮಾಡಬೇಕು, ಅಲ್ವಾ? ಇವರು ಸ್ಟೇಟಸ್ ಫೀಲ್ಡನ್ನ ಚೀಟಿ ನಂಬರ್ ಪಕ್ಕದಲ್ಲೇ ತುರುಕಿದರು. ನೋಡೋಕೆ ಚೆನ್ನಾಗಿರುತ್ತಂತೆ! ಉಳಿದದ್ದೆಲ್ಲ ನಾಲ್ಕು ಬೈಟ್ ಮುಂದಕ್ಕೆ ಹೋಯ್ತು. ಹಳೇ ಪ್ರೋಗ್ರಾಂ ಪಾಪ, ಹಳೇ ಜಾಗದಲ್ಲೇ ಓದಿತು. ಒಟ್ಟು ತೂಕದ ಜಾಗದಲ್ಲಿ ಸ್ಟೇಟಸ್‌ನ ಸೊನ್ನೆ. ಖಾಲಿ ಗಾಡಿ ತೂಕದ ಜಾಗದಲ್ಲಿ ಕಬ್ಬು ಸಮೇತ ತೂಕ. ಕಳೆದು ಚೀಟಿಯಲ್ಲಿ ಬಂದಿದ್ದು ಮೈನಸ್ 16,240 ಕೆಜಿ. ರೈತರೊಬ್ಬರು ಫೋನಲ್ಲಿ ಕೇಳ್ತಾರೆ, "ಏನ್ ಸಾ, ನಾನೇ ಕಬ್ಬು ಬಾಕಿ ಕೊಡ್ಬೇಕಾ?"

ಕ್ರ್ಯಾಶ್ ಆಗಿದ್ರೆ ಎಷ್ಟೋ ವಾಸಿ. ಲೈಬ್ರರಿ ಹೆಸರಿನ ಕೊನೆಯ ಆವೃತ್ತಿ ನಂಬರ್ ಬದಲಿಸಿದ್ರೆ ಪ್ರೋಗ್ರಾಂ ಶುರುನೇ ಆಗ್ತಿರಲಿಲ್ಲ, ಆಗಲೇ ಗೊತ್ತಾಗ್ತಿತ್ತು. ಅದನ್ನೂ ಮಾಡಿಲ್ಲ. ಕೇಳಿದ್ರೆ "ಅವರು ರೀಕಂಪೈಲ್ ಮಾಡ್ಕೊಳ್ಳಲಿ" ಅಂತಾರೆ, ಅಂದ್ರೆ ಸೋರ್ಸ್‌ನಿಂದ ಮತ್ತೆ ಪ್ರೋಗ್ರಾಂ ಕಟ್ಟಿಕೊಳ್ಳಬೇಕಂತೆ. ಯಾರು? ಏನಿಟ್ಕೊಂಡು?

ಲಿನಕ್ಸ್‌ನ ಜಿಲಿಬ್‌ಸಿ (ಬಹುತೇಕ ಪ್ರೋಗ್ರಾಂಗಳು ನಂಬಿಕೊಂಡಿರೋ ಮೂಲ ಸಿ ಲೈಬ್ರರಿ) ನೋಡಿ. ಮೆಮೊರಿಯಲ್ಲಿ ಡೇಟಾ ಕಾಪಿ ಮಾಡೋ ಮೆಮ್‌ಕಾಪಿ ಫಂಕ್ಷನ್ನನ್ನ ವೇಗ ಮಾಡೋಕೆ ಹೋಗಿ ಬೈಟ್ ಕಾಪಿ ಆಗೋ ದಿಕ್ಕು ಬದಲಾಯ್ತು. 2010ರಲ್ಲಿ ಫೆಡೋರಾ 14 ಅನ್ನೋ ಲಿನಕ್ಸ್‌ನಲ್ಲಿ ಬ್ರೌಸರಿನ ಫ್ಲ್ಯಾಶ್ ಪ್ಲಗಿನ್‌ನ ಧ್ವನಿ ಕೆಟ್ಟುಹೋಯ್ತು. ನಿಯಮದ ಪ್ರಕಾರ ತಪ್ಪು ಫ್ಲ್ಯಾಶ್‌ದೇ, ಮೂಲ, ಕಾಪಿ ಒಂದರ ಮೇಲೊಂದು ಬಂದ್ರೂ ಕೆಡದ ಮೆಮ್‌ಮೂವ್ ಅನ್ನ ಅಲ್ಲಿ ಬಳಸಬೇಕಿತ್ತು. ಆದ್ರೂ 2.14 ಆವೃತ್ತಿಯಲ್ಲಿ ಮೆಮ್‌ಕಾಪಿಗೆ ಹೊಸ ಸಿಂಬಲ್ ವರ್ಷನ್ (ಫಂಕ್ಷನ್ ಹೆಸರಿಗೆ ಅಂಟಿಸೋ ಆವೃತ್ತಿ ಗುರುತು) ಕೊಟ್ಟರು. ಆಗಲೇ ಕಂಪೈಲ್ ಆಗಿದ್ದ ಹಳೇ ಪ್ರೋಗ್ರಾಂಗಳಿಗೆ ಮೆಮ್‌ಮೂವ್ ಥರ ನಡೆಯೋದನ್ನೇ ಉಳಿಸಿದರು. ತಪ್ಪು ತಮ್ಮದಲ್ಲದಿದ್ರೂ! ಇಲ್ಲಿ ತಪ್ಪು ಮಾಡಿದವರೇ ಎದೆಯುಬ್ಬಿಸಿಕೊಂಡು ಓಡಾಡ್ತಿದ್ದಾರೆ.

ರಾತ್ರಿ ಕೂತು ಹಳೇ ಹೆಡರ್ ವಾಪಸ್ ಹಾಕಿದ್ದು ನಾನು. ಮೀಟಿಂಗ್‌ನಲ್ಲಿ "ಕೋಡ್ ಕ್ವಾಲಿಟಿ"ಗೆ ಚಪ್ಪಾಳೆ ಸಿಕ್ಕಿದ್ದು ಅವರಿಗೆ. ಮುಂದಿನ ಕ್ಲೀನಪ್ ಪಟ್ಟಿನೂ ರೆಡಿಯಂತೆ. ಮೊದಲನೇ ಸಾಲೇ "ಯಾರೂ ಬಳಸದ ಫಂಕ್ಷನ್‌ಗಳನ್ನು ತೆಗೆಯುವುದು". ಯಾರೂ ಅಂದ್ರೆ, ಇವರ ಕೋಡಲ್ಲಿ ಗ್ರೆಪ್ ಹಾಕಿ ಹುಡುಕಿದ್ರೆ ಸಿಗದವರು.