ಪೂಜೆಗೆ ಇಳಿಯುವ ಕೋವಿ ಪರೀಕ್ಷೆಗೂ ಇಳಿಯಲಿ

ಒಂದೇ ಸಂಜೆ, ಒಂದೇ ತಕ್ಕಡಿಯಲ್ಲಿ ಮದ್ದು ತೂಗಿ, ಮನೆಯಲ್ಲೇ ತುಂಬಿದ .357 ಮ್ಯಾಗ್ನಂ ಎಂಬ ಹೆಚ್ಚು ಬಲದ ತೋಟಾಗಳನ್ನು ಎರಡು ರಿವಾಲ್ವರುಗಳಲ್ಲಿ ಹಾರಿಸಿ ನೋಡಿದರೆ ಗುಂಡಿನ ವೇಗ ಒಂದೇ ಬರುವುದಿಲ್ಲ. ಎರಡರ ನಳಿಗೆಯೂ ನಾಲ್ಕೇ ಇಂಚು ಇರಬಹುದು, ಎರಡೂ ಒಂದೇ ಕಾರ್ಖಾನೆಯವೂ ಆಗಿರಬಹುದು. ಆದರೂ ಸೆಕೆಂಡಿಗೆ ಐವತ್ತು ಅಡಿ, ಕೆಲವು ಸಲ ನೂರು ಅಡಿ ಹೆಚ್ಚುಕಡಿಮೆ ಆಗುತ್ತದೆ. ಫೀನಿಕ್ಸ್ ಊರಾಚೆ ಅರಿಜೋನಾದ ವನ್ಯಜೀವಿ ಇಲಾಖೆ ನಡೆಸುವ ಬೆನ್ ಏವರಿ ರೇಂಜಿಗೆ ನಾನು ಹೋಗುತ್ತಿರುತ್ತೇನೆ. ಅಲ್ಲಿ ಇದು ಯಾರಿಗೂ ಸೋಜಿಗವಲ್ಲ. ಪಕ್ಕದ ಮೇಜಿನವನನ್ನು ಅವನ ತೋಟಾದ ಬಗ್ಗೆ ಕೇಳಿದರೆ ಮೊದಲು ಕೋವಿಯ ಹೆಸರು, ನಳಿಗೆಯ ಉದ್ದ ಹೇಳಿ ಆಮೇಲೆ ಮದ್ದಿನ ಮಾತಿಗೆ ಬರುತ್ತಾನೆ. ತೋಟಾದ ಗುಣ ಅದನ್ನು ಹಾರಿಸಿದ ಕೋವಿಯೊಡನೆ ಸೇರಿಯೇ ಗೊತ್ತಾಗಬೇಕು ಎಂಬುದನ್ನು ಅವರು ಮೈಗೂಡಿಸಿಕೊಂಡಿದ್ದಾರೆ. ಮಂಡ್ಯ ಜಿಲ್ಲೆಯ ನಮ್ಮೂರಿನ ಕಡೆ, ಮೈಸೂರಿನ ಕಡೆ, ಪರವಾನಗಿ ಕೋವಿ ಇರುವ ಮನೆಗಳಲ್ಲಿ ಈ ತಿಳಿವಳಿಕೆ ಇಲ್ಲ. ಅದು ನಮಗೂ ಬೇಕು ಎಂದು ವಾದಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವ್ಯತ್ಯಾಸ ಎಲ್ಲಿಂದ ಬರುತ್ತದೆ ನೋಡಿ. ರಿವಾಲ್ವರಿನಲ್ಲಿ ತೋಟಾ ಕೂರುವ ಉರುಳೆ ಬೇರೆ, ನಳಿಗೆ ಬೇರೆ. ನಡುವೆ ಒಂದು ಸಂದು ಇರಲೇಬೇಕು, ಇಲ್ಲದಿದ್ದರೆ ಉರುಳೆ ತಿರುಗುವುದಿಲ್ಲ. ಇಂಚನ್ನು ಸಾವಿರ ಪಾಲು ಮಾಡಿದರೆ ಆ ಸಂದು ಸಾಮಾನ್ಯವಾಗಿ ಅದರಲ್ಲಿ ನಾಲ್ಕರಿಂದ ಎಂಟು ಪಾಲಿನಷ್ಟಿರುತ್ತದೆ. ಗುಂಡು ಅದನ್ನು ದಾಟುವ ಗಳಿಗೆಯಲ್ಲಿ ಅಲ್ಲಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ಸಂದು ದೊಡ್ಡದಾದಷ್ಟೂ ವೇಗ ಸೋರುತ್ತದೆ. ಉರುಳೆಯಲ್ಲಿ ತೋಟಾ ಕೂರುವ ಒಂದೊಂದು ಮನೆಯ ಬಾಯಿಯ ಅಳತೆ, ನಳಿಗೆಯ ಒಳಗಿನ ಅಳತೆ, ಗುಂಡು ನಳಿಗೆಗೆ ಇಳಿಯುವ ಇಳಿಜಾರು, ಎಲ್ಲವೂ ಕೂದಲೆಳೆಯಷ್ಟು ಬೇರೆ ಬೇರೆ. ಒಂದೇ ರಿವಾಲ್ವರಿನ ಆರು ಮನೆಗಳಲ್ಲೇ ಒಂದು ಮನೆ ಯಾವಾಗಲೂ ತುಸು ನಿಧಾನ ಇರುವುದುಂಟು. ಅದೇ ತೋಟಾವನ್ನು ಹದಿನಾರು ಇಂಚು ನಳಿಗೆಯ ಲಿವರ್ ರೈಫಲಿಗೆ ಹಾಕಿದರೆ, ಅದರಲ್ಲೂ ನಿಧಾನ ಉರಿಯುವ ಮದ್ದಾದರೆ, ವೇಗ ನೂರಾರು ಅಡಿ ಏರುತ್ತದೆ.

ಮ್ಯಾಗ್ನಂನ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಇದೆ. 1935ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿ .357 ಮ್ಯಾಗ್ನಂ ಹೊರತಂದಾಗ 158 ಗ್ರೇನ್ ಗುಂಡಿಗೆ, ಅಂದರೆ ಹತ್ತು ಗ್ರಾಮಿಗಿಂತ ತುಸು ಹೆಚ್ಚಿನ ಸೀಸಕ್ಕೆ, ಸೆಕೆಂಡಿಗೆ 1,500 ಅಡಿಗೂ ಮೇಲೆ ಎಂದು ಹೇಳಿಕೊಂಡಿತು. ಅದನ್ನು ಅಳೆದದ್ದು ಎಂಟು ಇಂಚಿಗೂ ಉದ್ದದ ನಳಿಗೆಯಲ್ಲಿ. ಮುಂದೆ ಕಂಪನಿಗಳು ನಾಲ್ಕು ಇಂಚಿನ, ರಿವಾಲ್ವರಿನ ಹಾಗೆಯೇ ಸಂದು ಬಿಟ್ಟ ಪರೀಕ್ಷಾ ನಳಿಗೆಗೆ ಬಂದ ಮೇಲೆ ಅದೇ ತೂಕದ ಗುಂಡಿಗೆ 1,235 ಅಡಿ ಎಂದು ಪಟ್ಟಿಯಲ್ಲಿ ಬರೆದವು. ಜನ ತೋಟಾವೇ ಮೆತ್ತಗಾಯಿತು ಎಂದು ಗೊಣಗಿದರು. ಮದ್ದಿನಲ್ಲೂ ಬದಲಾವಣೆ ಆಗಿದ್ದಿರಬಹುದು, ಆದರೆ ಆ ಅಂತರದ ದೊಡ್ಡ ಪಾಲು ಅಳೆದ ನಳಿಗೆಯದು.

ಮ್ಯಾಗ್ನಂ ಹುಟ್ಟಿದ್ದೇ ಕೈಯಲ್ಲಿ ತುಂಬಿದ ತೋಟಾದಿಂದ ಎಂಬುದನ್ನೂ ಹೇಳಬೇಕು. ಎಲ್ಮರ್ ಕೀತ್, ಫಿಲಿಪ್ ಶಾರ್ಪ್ ಮುಂತಾದವರು ದಪ್ಪ ಮೈಯ ರಿವಾಲ್ವರುಗಳಲ್ಲಿ .38 ತೋಟಾಕ್ಕೆ ಹೆಚ್ಚು ಮದ್ದು ತುಂಬಿ ಪರೀಕ್ಷೆ ಮಾಡಿದ್ದರು. ಕಂಪನಿ ಅದನ್ನೇ ಕೈಗೆತ್ತಿಕೊಂಡಿತು. ಆಗ ಅವರು ಮಾಡಿದ ಒಂದು ಕೆಲಸ ನನಗೆ ಎಲ್ಲಕ್ಕಿಂತ ಮೆಚ್ಚುಗೆ. ಹೊಸ ತೋಟಾದ ಹಿತ್ತಾಳೆ ಕೊಳವೆಯನ್ನು .38 ಸ್ಪೆಷಲ್ ಎಂಬ ಹಳೆಯ ತೋಟಾದ್ದಕ್ಕಿಂತ 0.135 ಇಂಚು ಉದ್ದ ಮಾಡಿದರು. ಹಳೆಯ .38 ರಿವಾಲ್ವರಿಗೆ ಮ್ಯಾಗ್ನಂ ತೋಟಾ ತುರುಕಿದರೂ ಪೂರ್ತಿ ಕೂರದು, ಉರುಳೆ ಮುಚ್ಚದು. ಈಗಿನ ಅಮೆರಿಕದ ಅಳತೆಗೋಲಿನಲ್ಲಿ .38 ಸ್ಪೆಷಲ್‌ನ ಮಿತಿ ಚದರ ಇಂಚಿಗೆ 17,000 ಪೌಂಡ್ ಒತ್ತಡ, .357 ಮ್ಯಾಗ್ನಂನ ಮಿತಿ 35,000. ಎರಡು ಪಟ್ಟು. ಬರೀ ಎಚ್ಚರಿಕೆಯ ಮಾತನ್ನು ನಂಬದೆ ಲೋಹದಲ್ಲೇ ಬೀಗ ಹಾಕಿದರು. ಎಚ್ಚರಿಕೆಯ ಚೀಟಿಯನ್ನು ಎಲ್ಲರೂ ಓದುವುದಿಲ್ಲ, ಕೂರದ ತೋಟಾವನ್ನು ಯಾರೂ ಹಾರಿಸಲಾರರು.

ಪರೀಕ್ಷೆ ಮಾಡುವವರ ರೀತಿ ಹೀಗಿರುತ್ತದೆ. ತೋಟಾ ತುಂಬುವವರ ಪುಸ್ತಕದಲ್ಲಿ ಕೊಟ್ಟ ಮದ್ದಿನ ಕನಿಷ್ಠ ಅಳತೆಯಿಂದ ಶುರು. ಪ್ರತಿ ಕೊಳವೆಗೂ ಮದ್ದು ಹಾಕಿದ ಮೇಲೆ ದೀಪ ಹಿಡಿದು ಒಳಗೆ ಇಣುಕುತ್ತಾರೆ, ಏಕೆಂದರೆ ಬೇಗ ಉರಿಯುವ ಮದ್ದು ತಳದಲ್ಲಿ ಚೂರೇ ಚೂರು ಜಾಗ ಹಿಡಿಯುತ್ತದೆ, ಎರಡು ಸಲ ಬಿದ್ದರೂ ಕಣ್ಣಿಗೆ ಬೀಳದೆ ಹೋಗಬಹುದು. ಮದ್ದೇ ಬೀಳದಿದ್ದರೆ ಪ್ರೈಮರ್, ಅಂದರೆ ಕೊಳವೆಯ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ, ತನ್ನ ಬಲವೊಂದರಿಂದಲೇ ಗುಂಡನ್ನು ನಳಿಗೆಯೊಳಗೆ ನೂಕಿ ಅಲ್ಲೇ ಸಿಕ್ಕಿಸುತ್ತದೆ. ಅದು ತಿಳಿಯದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಹಾಗಾಗಿ ಸದ್ದು ಮಂಕಾಗಿ ಕೇಳಿದರೆ ಅಲ್ಲೇ ನಿಲ್ಲಿಸಿ ನಳಿಗೆ ನೋಡಬೇಕು. ಮ್ಯಾಗ್ನಂ ಒದೆತಕ್ಕೆ, ಇನ್ನೂ ಹಾರದ ತೋಟಾಗಳ ಗುಂಡು ಕೊಳವೆಯಿಂದ ಮುಂದಕ್ಕೆ ಜಾರಿ ಉರುಳೆಯನ್ನೇ ತಡೆಯುವುದುಂಟು. ಅದಕ್ಕೇ ಕೊಳವೆಯ ಬಾಯನ್ನು ಗುಂಡಿನ ಗೀರಿಗೆ ಒತ್ತಿ ಮಡಿಸುವುದು. ಕೊಳವೆ ಅರೆ ಖಾಲಿ ಇದ್ದರೆ ಮದ್ದು ಹಿಂದೆ ಕೂತಿದೆಯೋ ಮುಂದೆ ಕೂತಿದೆಯೋ ಎಂಬುದರ ಮೇಲೂ ವೇಗ ಬದಲಾಗುತ್ತದೆ, ಆದ್ದರಿಂದ ನಳಿಗೆ ಮೇಲೆತ್ತಿ ಇಳಿಸಿ ಒಮ್ಮೆ, ಕೆಳಗೆ ಮಾಡಿ ಎತ್ತಿ ಇನ್ನೊಮ್ಮೆ ಹಾರಿಸುತ್ತಾರೆ. ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಫೀನಿಕ್ಸಿನ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ತೋಟಾ ಚಳಿಗಾಲದ ಲೆಕ್ಕವನ್ನು ಪಾಲಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಡಬ್ಬಿಯ ಮೇಲೆ ಚೀಟಿ: ಯಾವ ಮದ್ದು, ಎಷ್ಟು, ಯಾವ ಗುಂಡು, ಯಾವ ದಿನ, ಯಾವ ಕೋವಿಗೆ.

ಅಲ್ಲಿ ನನಗೆ ಒಪ್ಪದ ಸಂಗತಿಗಳೂ ಇವೆ. ಪ್ರೈಮರ್ ಚಪ್ಪಟೆಯಾಗಿಲ್ಲ, ಖಾಲಿ ಕೊಳವೆ ಸಲೀಸಾಗಿ ಹೊರಬಂತು, ಆದ್ದರಿಂದ ಒತ್ತಡ ಮಿತಿಯೊಳಗೇ ಇದೆ ಎಂದು ನಂಬುವ ಬಹಳ ಮಂದಿ ಇದ್ದಾರೆ. ಇದು ತಪ್ಪು. ರಿವಾಲ್ವರಿನಲ್ಲಿ ಆ ಗುರುತುಗಳು ಕಾಣುವ ಹೊತ್ತಿಗೆ ಒತ್ತಡ ಮಿತಿ ದಾಟಿ ಬಹು ದೂರ ಹೋಗಿರಬಹುದು. ಒಬ್ಬರು ಭಾರೀ ಮೈಯ ರಿವಾಲ್ವರಿನಲ್ಲಿ ನೋಡಿ ಬರೆದಿಟ್ಟ ಮದ್ದಿನ ಅಳತೆಯನ್ನು ಇನ್ನೊಬ್ಬರು ಹಗುರವಾದದ್ದಕ್ಕೆ ತುಂಬಿಬಿಡುತ್ತಾರೆ. ಅಲ್ಲಿ ಸರ್ಕಾರದ ಕಡ್ಡಾಯ ಪರೀಕ್ಷೆ ಎಂಬುದೇ ಇಲ್ಲ. ಒತ್ತಡದ ಮಿತಿ ನಿಗದಿ ಮಾಡುವ ಸಾಮಿ ಎಂಬ ಸಂಸ್ಥೆ 1926ರಲ್ಲಿ ತಯಾರಕರೇ ಸೇರಿ ಕಟ್ಟಿಕೊಂಡದ್ದು, ಅದನ್ನು ಪಾಲಿಸುವುದು ಅವರವರ ಇಷ್ಟ. ಬ್ರಿಟನ್ನಿನಲ್ಲಿ ಹಾಗಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಪ್ರೂಫ್ ಹೌಸ್ ಇದೆ, ಹೆಚ್ಚಿನ ಒತ್ತಡದ ತೋಟಾ ಹಾರಿಸಿ ತಾಳಿದ ನಳಿಗೆಗೆ ಮಾತ್ರ ಮುದ್ರೆ. ನಮ್ಮ ಹಳ್ಳಿಗಳಲ್ಲಿರುವ ಹಳೆಯ ಇಂಗ್ಲಿಷ್ ಜೋಡಿ ನಳಿಗೆ ಕೋವಿಗಳ ಅಡಿಯಲ್ಲಿ ಕಿರೀಟದ ಚಿಕ್ಕ ಗುರುತು ಇದ್ದರೆ ಅದು ಇಂಥದೇ ಮುದ್ರೆ ಆಗಿರಬಹುದು.

ಇನ್ನು ನಮ್ಮಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ, ಮದ್ದುಗುಂಡು ತಯಾರಿಸುವುದಕ್ಕೆ, ಮಾರುವುದಕ್ಕೆ, ರಿಪೇರಿ ಮಾಡುವುದಕ್ಕೆ, ಪರೀಕ್ಷಿಸುವುದಕ್ಕೂ ಪರವಾನಗಿ ಬೇಕು. ಫೀನಿಕ್ಸಿನ ಅಡುಗೆಮನೆ ಮೇಜಿನ ಮೇಲೆ ಮಾಮೂಲಿ ಎನಿಸಿದ್ದು ಪಾಂಡವಪುರದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಜೈಲಿಗೆ ಹೋಗುವ ಕೆಲಸ. ಅದು ಹಾಗೇ ಇರಲಿ ಎಂದು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ. ಮಂಡ್ಯಕ್ಕೆ ಮ್ಯಾಗ್ನಂ ಬೇಡ, ಮನೆಯಲ್ಲಿ ತೋಟಾ ತುಂಬುವ ಮೇಜೂ ಬೇಡ. ಕಬ್ಬಿನ ಗದ್ದೆಗೆ ಬರುವ ಹಂದಿಗೆಂದು ಕಳ್ಳತನದಲ್ಲಿ ನಾಡಕೋವಿಗೆ ಮದ್ದು ಜಡಿದು ಕೈ ಕಳೆದುಕೊಳ್ಳುವವರ ಸುದ್ದಿ, ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾದ ದನದ ಸುದ್ದಿ ಸಾಕಾಗಿದೆ.

ನನ್ನ ತಕರಾರು ಬೇರೆ. ಕಾಯ್ದೆ ಪರೀಕ್ಷೆಯನ್ನು ಜನರ ಕೈಯಿಂದ ತೆಗೆದುಕೊಂಡಿದೆ, ಸರಿ. ತೆಗೆದುಕೊಂಡ ಮೇಲೆ ಯಾರಾದರೂ ಮಾಡಬೇಕಲ್ಲ? ಕಳೆದ ಸಲ ಊರಿಗೆ ಬಂದಾಗ ದೊಡ್ಡಪ್ಪನ ಒಂಟಿ ನಳಿಗೆ ತೋಟಾ ಕೋವಿ ನೋಡಿದೆ. ಬೆಳೆ ಕಾಯಲು ಅವರ ತಂದೆಯ ಕಾಲದಲ್ಲಿ ತಂದದ್ದು.

"ಈಡು ಹೊಡ್ದು ಎಷ್ಟು ವರ್ಷ ಆಯ್ತು ದೊಡ್ಡಪ್ಪ?"

"ಈಡು ಯಾಕ್ಲಾ ಮಗ ಹೊಡೀಬೇಕು? ಎಲೆಕ್ಸನ್ ಬಂದ್ರೆ ಟೇಸನ್‌ಗೆ ಕೊಟ್ಬುಟ್ಟು ಬತ್ತೀನಿ, ಆಯುಧಪೂಜೆಗೆ ಒರಸಿ ಕುಂಕುಮ ಇಕ್ತೀನಿ. ಲೈಸೆನ್ಸು ಸರಿಯಾಗದೆ, ಇನ್ನೇನು?"

ದೊಡ್ಡಪ್ಪನ ಮಾತಿನಲ್ಲಿ ಒಂದು ಸುಳ್ಳೂ ಇಲ್ಲ. ಕಾನೂನು ಕೇಳಿದ್ದನ್ನೆಲ್ಲ ಅವರು ಮಾಡಿದ್ದಾರೆ. ಆದರೆ ಆ ನಳಿಗೆಯಲ್ಲಿ ತುಕ್ಕು ಎಷ್ಟು ಆಳ ಕೊರೆದಿದೆ, ಕಡಜ ಮಣ್ಣಿನ ಗೂಡು ಕಟ್ಟಿದೆಯೇ, ಪೆಟ್ಟಿಗೆಯಲ್ಲಿರುವ ಕಾಗದದ ತೋಟಾಗಳು ನಾಲೆ ಬಯಲಿನ ಥಂಡಿಗೆ ಊದಿಕೊಂಡಿವೆಯೇ ಎಂದು ಕಾನೂನು ಒಮ್ಮೆಯೂ ಕೇಳಿಲ್ಲ. ಮೈಸೂರಿನಲ್ಲಿ ಪರಿಚಿತರೊಬ್ಬರ ಬಳಿ .32 ರಿವಾಲ್ವರ್ ಇದೆ. ನಮ್ಮಲ್ಲಿ ಪರವಾನಗಿದಾರರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಅದೇ. ಅದರ ಉರುಳೆ ಪ್ರತಿ ಮನೆಗೂ ನಳಿಗೆಗೆ ನೇರ ಬಂದು ನಿಲ್ಲುತ್ತದೆಯೇ ಎಂದು ಅವರು ಎಂದೂ ನೋಡಿದವರಲ್ಲ, ನೋಡಬೇಕೆಂದು ಅವರಿಗೆ ಹೇಳಿದವರೂ ಇಲ್ಲ. ನೇರ ನಿಲ್ಲದಿದ್ದರೆ ಗುಂಡು ನಳಿಗೆಯ ಅಂಚಿಗೆ ಕೆರೆದು ಸೀಸದ ಚೂರು ಪಕ್ಕದವರ ಮುಖಕ್ಕೆ ಹಾರುತ್ತದೆ. ಹದಿನೈದು ವರ್ಷ ದಾಟಿದ ಸ್ಕೂಟರಿಗೂ ಎಫ್‌ಸಿ ಕೇಳುವ ನಾವು ಅಜ್ಜನ ಕಾಲದ ಕೋವಿಗೆ ಏನೂ ಕೇಳುವುದಿಲ್ಲ.

ಇದೆಲ್ಲ ಫಾರಿನ್ ರೀತಿ, ನಮಗೆ ಹೊಂದುವುದಿಲ್ಲ ಎನ್ನುವವರಿಗೆ ಮೈಸೂರಿನ ಫಿರಂಗಿಗಳನ್ನು ತೋರಿಸುತ್ತೇನೆ. ಜಂಬೂಸವಾರಿಯ ದಿನ ರಾಷ್ಟ್ರಗೀತೆ ಮುಗಿಯುವುದರೊಳಗೆ 7 ಫಿರಂಗಿಗಳಿಂದ 21 ಕುಶಾಲತೋಪು ಹಾರಬೇಕು. ಗೀತೆಯ ಅವಧಿ 52 ಸೆಕೆಂಡು. ಅದಕ್ಕಾಗಿ ನಗರ ಸಶಸ್ತ್ರ ಮೀಸಲು ಪಡೆಯವರು ವಾರಗಟ್ಟಲೆ ಮೊದಲೇ ಅರಮನೆ ಆವರಣದಲ್ಲಿ ಫಿರಂಗಿ ತೊಳೆದು, ಪೂಜೆ ಮಾಡಿ, ಮದ್ದಿಲ್ಲದೆ ತಾಲೀಮು ನಡೆಸುತ್ತಾರೆ. ಆಮೇಲೆ ಮದ್ದು ಹಾಕಿ, ಆನೆ ಕುದುರೆಗಳನ್ನು ನಿಲ್ಲಿಸಿಕೊಂಡು ಹಾರಿಸಿ ನೋಡುತ್ತಾರೆ. ಒಂದು ತೋಪು ಹಾರಿದ ಕೂಡಲೇ ಉದ್ದ ಕೋಲಿಗೆ ಕಟ್ಟಿದ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ, ಕಿಡಿ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಮದ್ದು. ಪೂಜೆಯೂ ಉಂಟು, ಪರೀಕ್ಷೆಯೂ ಉಂಟು. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿ: ದಪ್ಪ ಗೋಡೆ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಡ. ಮದ್ದನ್ನು ಹೇಗೆ ಇಡಬೇಕೆಂದು ಬಲ್ಲವರು ಕಟ್ಟಿದ್ದು. ಅವುಗಳಲ್ಲಿ ಒಂದನ್ನು 2017ರಲ್ಲಿ ರೈಲಿನ ಜೋಡಿ ಹಳಿಗಾಗಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಕಟ್ಟಡದ ಮೇಲೆ ಇಷ್ಟು ಅಕ್ಕರೆ ಇರುವ ಜಿಲ್ಲೆ ಅಟ್ಟದ ಮೇಲಿನ ಕೋವಿಯನ್ನು ಮರೆಯಬಾರದು.

ದಾರಿ ಕಷ್ಟದ್ದಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ, ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧ ನೋಡಿಕೊಳ್ಳುವ ಆರ್ಮರರ್ ಇರುತ್ತಾರೆ, ಫೈರಿಂಗ್ ರೇಂಜೂ ಇದೆ. ನವೀಕರಣಕ್ಕೆ ಬಂದವರು ಕೋವಿ ಸಮೇತ ಒಂದು ಬೆಳಿಗ್ಗೆ ರೇಂಜಿಗೆ ಬರಲಿ. ಆರ್ಮರರ್ ನಳಿಗೆಗೆ ದೀಪ ಹಿಡಿದು ನೋಡಲಿ, ರಿವಾಲ್ವರಾದರೆ ಗೇಜು ತೂರಿಸಿ ಸಂದು ಅಳೆಯಲಿ, ಹಳೆಯ ತೋಟಾ ಜಮಾ ಮಾಡಿಕೊಳ್ಳಲಿ. ಮಾಲೀಕರು ಹೊಸ ತೋಟಾದಲ್ಲಿ ಕೆಲವು ಈಡು ತಾವೇ ಹೊಡೆಯಲಿ. ಗುಂಡು ಎಲ್ಲಿ ಬಿತ್ತು, ಕೋವಿ ಹೇಗೆ ನಡೆಯಿತು ಎಂಬುದನ್ನು ಆ ಕೋವಿಯ ನಂಬರಿನ ಎದುರಿಗೆ ಬರೆದಿಡಲಿ. ಕೆಟ್ಟಿದ್ದರೆ ರಿಪೇರಿ, ರಿಪೇರಿಗೂ ಮೀರಿದ್ದರೆ ಠಾಣೆಗೆ ಒಪ್ಪಿಸುವುದು.

ಪೊಲೀಸರಿಗೆ ಬಿಡುವಿಲ್ಲ ಎನ್ನುತ್ತಾರೆ. ಪ್ರತಿ ಚುನಾವಣೆಗೂ ಈ ಕೋವಿಗಳೆಲ್ಲ ಠಾಣೆಗೆ ಬಂದು ದಿನಗಟ್ಟಲೆ ಕೂರುತ್ತವೆ. ಆ ದಿನಗಳಲ್ಲಿ ಆರ್ಮರರ್ ಒಬ್ಬರು ಠಾಣೆಯಿಂದ ಠಾಣೆಗೆ ಹೋಗಿ ನಳಿಗೆ ಇಣುಕಿದರೂ ಅರ್ಧ ಕೆಲಸ ಮುಗಿಯುತ್ತದೆ. ಹೆಚ್ಚು ಈಡು ಹೊಡೆಸಿದರೆ ಕೋವಿಯ ಚಟ ಹತ್ತುತ್ತದೆ ಎನ್ನುವವರೂ ಇದ್ದಾರೆ. ರೇಂಜಿನಲ್ಲಿ ಒಂದು ಬೆಳಿಗ್ಗೆ ಆಜ್ಞೆಗೆ ಕಾದು ನಿಂತು, ಒದೆತ ತಿಂದು, ಪಕ್ಕದವರ ಕೋವಿ ಕೈಕೊಟ್ಟದ್ದನ್ನು ಕಂಡವರು ಮನೆಗೆ ಬಂದು ಅದಕ್ಕೆ ಬೀಗ ಹಾಕುತ್ತಾರೆ ಎಂಬುದು ನಾನು ಅಲ್ಲಿ ಕಂಡಿರುವ ವಿಷಯ. ಖರ್ಚಿನ ಮಾತಾದರೆ, ತೋಟಾದ ದುಡ್ಡು, ಪರೀಕ್ಷೆಯ ಶುಲ್ಕ ಪರವಾನಗಿದಾರರೇ ಕೊಡಲಿ. ದೊಡ್ಡಪ್ಪನ ಪಾಲಿನದನ್ನು ನಾನು ಕೊಡುತ್ತೇನೆ.