ಕಾರ್ಬನ್ ಕ್ಲೀನಿಂಗ್‌ಗೆ ಹೂಂ ಅನ್ನುವ ಮೊದಲು

ಪ್ರತಿ ಸರ್ವಿಸ್‌ನಲ್ಲೂ ಕಾರ್ಬನ್ ಕ್ಲೀನಿಂಗ್ (ಕಾರಿನ ಎಂಜಿನ್ ಒಳಗೆ ಕಟ್ಟಿದ ಮಸಿ ತೆಗೆಯುವ ಕೆಲಸ) ಮಾಡಿಸಿ ಎಂದು ಲೇಖನದಲ್ಲಿ ಬರೆದಿದ್ದೀರಿ, ಇದನ್ನು ನಾನು ಒಪ್ಪುವುದಿಲ್ಲ. ಮೊದಲು ಎಂಜಿನ್ ಯಾವುದು ನೋಡಬೇಕು, ಅಲ್ವಾ? ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ (ಸಿಲಿಂಡರ್ ಒಳಗೆ ಗಾಳಿ ಬಿಡುವ ಬಾಗಿಲು) ಹಿಂಭಾಗಕ್ಕೇ ಚಿಮ್ಮುತ್ತದೆ, ಹಾಗಾಗಿ ಕಾರು ಓಡುತ್ತಲೇ ವಾಲ್ವ್ ತೊಳೆದುಕೊಳ್ಳುತ್ತದೆ. ಡೈರೆಕ್ಟ್ ಇಂಜೆಕ್ಷನ್ ಆದರೆ ಬೇರೆ ಮಾತು. ಅಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೆ ಹೋಗುತ್ತದೆ, ವಾಲ್ವ್ ಮೇಲೆ ಆಯಿಲ್ ಆವಿ ಕೂತು ಮಸಿ ಗಟ್ಟಿಯಾಗುತ್ತದೆ. ಡೀಸೆಲ್‌ನಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್‌ಗೂ ಮಸಿ ಕಟ್ಟುತ್ತದೆ.

ನನ್ನ ಸಣ್ಣ ಪೆಟ್ರೋಲ್ ಕಾರಿಗೆ 18,000 ಕಿ.ಮೀ.ಗೇ ಕ್ಲೀನಿಂಗ್ ಬೇಕು ಅಂದರು ಸರ್ವಿಸ್ ಸೆಂಟರ್‌ನವರು. ಪಿಕಪ್ ಸರಿ ಇತ್ತು, ಮೈಲೇಜ್ ಇಳಿದಿರಲಿಲ್ಲ, ಕಾರಿನ ಜೊತೆ ಕೊಟ್ಟ ಮ್ಯಾನುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಆ ಕೆಲಸದ ಹೆಸರೇ ಇರಲಿಲ್ಲ. ಬೇಡ ಎಂದೆ. ಈಗ 70,000 ದಾಟಿದೆ, ಚೆನ್ನಾಗಿ ಓಡುತ್ತಿದೆ. ಬೇಕೇ ಬೇಕು ಅಂದರೆ ಬೋರ್‌ಸ್ಕೋಪ್ ಕ್ಯಾಮೆರಾ (ಎಂಜಿನ್ ಒಳಗೆ ಇಳಿಸುವ ಸಣ್ಣ ಕ್ಯಾಮೆರಾ) ಹಾಕಿ ಮಸಿ ತೋರಿಸಿ ಅನ್ನಿ. ತೋರಿಸದಿದ್ದರೆ ಸುಮ್ನೆ ದುಡ್ಡು ಕೊಡಬೇಡಿ.